ಕೆಂಪು ಪ್ಲೇಟಿನ ಕತ್ತೆ

ಅಕ್ಕ ಹೋದ ಏಳನೆಯ ತಿಂಗಳಲ್ಲಿ ನಾನು ಹುಳು ಮನೆಯ ಅಟ್ಟ ಹತ್ತಿದೆ. ಹಳೆಯ ಬಿದಿರು ತಟ್ಟೆಗಳನ್ನು ಇಳಿಸಬೇಕಿತ್ತು. ಈಗ ನಮ್ಮ ಜಂಗಮಕೋಟೆ ಸುತ್ತಿನಲ್ಲಿ ತಟ್ಟೆಯಲ್ಲಿ ರೇಷ್ಮೆ ಹುಳು ಸಾಕುವವರು ಕಡಿಮೆ. ಹಿಪ್ಪುನೇರಳೆಯನ್ನು ರೆಂಬೆ ಸಮೇತ ಕಡಿದು ತಂದು ಉದ್ದನೆಯ ಸ್ಟ್ಯಾಂಡುಗಳ ಮೇಲೆ ಹರಡುತ್ತೇವೆ. ಆದರೆ ಅಕ್ಕ ಇರುವವರೆಗೆ ಆ ತಟ್ಟೆಗಳನ್ನು ಯಾರಿಗೂ ಕೊಡಲು ಬಿಡಲಿಲ್ಲ. ಇರಲಿ, ಅವೇನು ನಿನ್ನ ಅನ್ನ ತಿಂತಾವಾ ಎನ್ನುತ್ತಿದ್ದಳು. ಅವಳು ಹೋದ ಮೇಲೆ ನನಗೂ ಕೈ ಬರಲಿಲ್ಲ.

ತಟ್ಟೆಗಳ ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ತಗಡಿನ ಟ್ರಂಕು ಇತ್ತು. ಅದು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಅದರ ಕಡೆ ನೋಡದೆ ಅಟ್ಟ ಹತ್ತಿ ಇಳಿಯುವುದನ್ನು ರೂಢಿ ಮಾಡಿಕೊಂಡಿದ್ದೆ. ಅವತ್ತು ತಟ್ಟೆ ಎಳೆದಾಗ ಅದು ಎದುರಿಗೇ ಬಂದು ನಿಂತಿತು. ಮುಚ್ಚಳ ಎತ್ತಿದೆ. ಒಳಗೆಲ್ಲ ಬಿಳಿ. ಸುಣ್ಣ ಕಟ್ಟಿ, ಪದರ ಪದರವಾಗಿ, ಹಳೆಯ ಗೋಡೆಯ ಹಾಗೆ.

ಆ ಸುಣ್ಣ ಹಾಕಿದವನು ನಾನೇ.

ಇದನ್ನು ಹೇಳಬೇಕಾದರೆ ಮೊದಲು ನಮ್ಮ ಸೋದರಮಾವನಿಂದ ಶುರು ಮಾಡಬೇಕು. ಮಾವ ಚಿಂತಾಮಣಿಯಲ್ಲಿ ಮೈಕ್‌ಸೆಟ್ ಇಟ್ಟಿದ್ದ. ಮದುವೆ, ನಾಮಕರಣ, ಎಲೆಕ್ಷನ್ನು, ಯಾವುದಕ್ಕೆ ಕರೆದರೂ ಮರಕ್ಕೆ ಹಾರ್ನ್ ಕಟ್ಟಿ ಪ್ಲೇಟು ಹಾಕುವುದು ಅವನ ಕೆಲಸ. ಗ್ರಾಮಫೋನ್ ರೆಕಾರ್ಡಿಗೆ ನಾವೆಲ್ಲ ಪ್ಲೇಟು ಎಂದೇ ಹೇಳುತ್ತಿದ್ದೆವು. ಒಮ್ಮೆ ಗೌರಿಬಿದನೂರಿನಲ್ಲಿ ಯಾವುದೋ ಅಂಗಡಿ ಮುಚ್ಚುವಾಗ ಮಾವ ಅಲ್ಲಿದ್ದ ಪ್ಲೇಟುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡ. ಸಿನಿಮಾ ಹಾಡು, ದೇವರ ಹಾಡು ಅವನಿಗೆ ಬೇಕಿತ್ತು. ಅವುಗಳ ಜೊತೆ ಬೇಡದ್ದು ಒಂದಷ್ಟು ಬಂತು. ಮಕ್ಕಳ ಪ್ಲೇಟುಗಳು. ಅವನ್ನು ಮದುವೆ ಮನೆಯಲ್ಲಿ ಹಾಕಿದರೆ ಬೀಗರು ಏನಂದುಕೊಂಡಾರು? ಒಂದು ಹಳೆಯ ಬ್ಯಾಟರಿ ಪ್ಲೇಯರ್ ಸಮೇತ ಎಲ್ಲವನ್ನೂ ತಂದು ಅಕ್ಕನ ಮುಂದೆ ಇಟ್ಟ. ಅಕ್ಕನಿಗೆ ಆಗ ಹನ್ನೆರಡು. ನನಗೆ ಎಂಟು.

ಅಂಗೈಗಿಂತ ಸ್ವಲ್ಪ ದೊಡ್ಡವು, ಪ್ಲಾಸ್ಟಿಕ್ಕಿನವು. ಒಂದರಲ್ಲಿ ಯಾವನೋ ಗಂಡಸು ಒಂದು ಮಾತೂ ಆಡದೆ ಬರೀ ನಗುತ್ತಿದ್ದ. ಪ್ಲೇಟು ಮುಗಿಯುವವರೆಗೆ ನಗುವುದೇ ಅವನ ಕೆಲಸ. ಇನ್ನೊಂದರಲ್ಲಿ ಪ್ರಾಣಿಗಳ ಕೂಗು. ಅದರಲ್ಲಿ ಎಮ್ಮೆ ಕೂಗಿದಾಗ ನಮ್ಮ ಕೊಟ್ಟಿಗೆಯ ಎಮ್ಮೆ ಉತ್ತರ ಕೊಡುತ್ತಿತ್ತು. ಮತ್ತೊಂದು ಇಂಗ್ಲಿಷ್ ಮಕ್ಕಳ ಹಾಡು. ನಮಗೆ ಒಂದಕ್ಷರ ಅರ್ಥವಾಗದಿದ್ದರೂ ಕೊನೆಯವರೆಗೆ ಬಾಯಿಪಾಠ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಿನದು ಕೆಂಪು ಪ್ಲೇಟು. ಬಿಸಿಲಿಗೆ ಹಿಡಿದರೆ ಆಚೆ ಕಡೆ ಕಾಣುವಂಥ ಕೆಂಪು. ಅದರಲ್ಲಿ ಒಂದು ಓಟದ ಪಂದ್ಯ ಇತ್ತು. ಕುದುರೆ, ಮೊಲ, ಕತ್ತೆ. ಒಬ್ಬ ಅನೌನ್ಸರ್ ಏದುಸಿರು ಬಿಡುತ್ತಾ ಓಟವನ್ನು ವರ್ಣಿಸುತ್ತಿದ್ದ. ಕುದುರೆಗೆ ತೆಂಗಿನ ಚಿಪ್ಪು ಬಡಿದ ಟಕಟಕ, ಮೊಲಕ್ಕೆ ಸಣ್ಣ ಗೆಜ್ಜೆ, ಕತ್ತೆಗೆ ಒಂದೇ ಸಮನೆ ನಿಧಾನವಾಗಿ ತಮಟೆ.

ಆ ಪ್ಲೇಟಿನ ವಿಚಿತ್ರ ಏನೆಂದರೆ, ಒಂದು ಸಲ ಹಾಕಿದರೆ ಕುದುರೆ ಗೆಲ್ಲುತ್ತಿತ್ತು, ಮತ್ತೆ ಹಾಕಿದರೆ ಮೊಲ ಗೆಲ್ಲುತ್ತಿತ್ತು. ಅದೇ ಪ್ಲೇಟು, ಅದೇ ಮುಖ. ಹೇಗೆ ಎಂದು ಮಾವನನ್ನು ಕೇಳಿದರೆ, 'ಏಮೋ ರಾ, ಒಳಗಡೆ ಇರೋರಿಗೇ ಗೊತ್ತು' ಎಂದ. ಚಿಂತಾಮಣಿಯವರಿಗೆ ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತದೆ. ನಾನು ಪ್ಲೇಟಿನ ಒಳಗಡೆ ಯಾರೋ ಇದ್ದಾರೆ ಎಂದೇ ಬಹಳ ದಿನ ನಂಬಿದ್ದೆ.

ಬೇಕಾದಾಗ ಹಾಕುವಂತಿರಲಿಲ್ಲ. ನಮ್ಮದು ಹುಳುವಿನ ಮನೆ. ಹುಳು ಪೊರೆ ಬಿಡಲು ಸೊಪ್ಪು ತಿನ್ನದೆ ತಲೆಯೆತ್ತಿ ಮಲಗುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರದಲ್ಲಿದ್ದಾಗ ಮನೆಯಲ್ಲಿ ಜೋರಾಗಿ ಕೆಮ್ಮಿದರೂ ಅಮ್ಮ ಕಣ್ಣು ಬಿಡುತ್ತಿದ್ದಳು. ಒಗ್ಗರಣೆ ಇಲ್ಲ, ರೇಡಿಯೋ ಇಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಹುಳು ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ, ಮನೆ ತೊಳೆದು ಮುಂದಿನ ಬೆಳೆಗೆ ಕಾಯುವ ನಾಲ್ಕೈದು ದಿನ ಇರುತ್ತದಲ್ಲ, ಅದೇ ನಮ್ಮ ಪ್ಲೇಟಿನ ಕಾಲ. ತೊಳೆದ ಹಸಿ ನೆಲದ ಮೇಲೆ ಪ್ಲೇಯರ್ ಇಟ್ಟುಕೊಂಡು ಕೂರುತ್ತಿದ್ದೆವು.

ಹಾಕುವುದಕ್ಕೂ ಒಂದು ಕ್ರಮ ಇತ್ತು. ಮೊದಲು ಮುಳ್ಳು, ಆಮೇಲೆ ಸ್ವಿಚ್ಚು. ತಿರುಗುತ್ತಿರುವ ಪ್ಲೇಟಿನ ಮೇಲೆ ಮುಳ್ಳು ಬಿಟ್ಟರೆ ಗೀರು ಬೀಳುತ್ತದೆ ಎಂದು ಮಾವ ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಇನ್ನೊಂದನ್ನು ಅಮ್ಮ ಸೇರಿಸಿದಳು. ಆಯುಧಪೂಜೆಯ ದಿನ ಸೊಪ್ಪು ಕತ್ತರಿಸುವ ಮಚ್ಚಿಗೆ, ತಕ್ಕಡಿಗೆ, ಸೈಕಲ್ಲಿಗೆ ಇಟ್ಟ ಹಾಗೆ ಪ್ಲೇಟುಗಳಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಟ್ಟಳು, ನಡುವಿನ ಕಾಗದದ ಒಂದು ಅಂಚಿಗೆ. ದೇವರ ಪಟವನ್ನು ತಲೆಕೆಳಗೆ ಇಡುವುದಿಲ್ಲವಲ್ಲ, ಹಾಗೆಯೇ ಬೊಟ್ಟು ನಮ್ಮ ಕಡೆಗೇ ಇರುವಂತೆ ಪ್ಲೇಟು ಇಡಬೇಕು. ನಾನು ಈ ಎರಡನ್ನೂ ಒಂದು ದಿನವೂ ತಪ್ಪಿಸಲಿಲ್ಲ. ಅಕ್ಕ ತಪ್ಪುತ್ತಿದ್ದಳು. ಅವಳಿಗೆ ತಾಳ್ಮೆ ಇಲ್ಲ. ಸ್ವಿಚ್ಚು ಒತ್ತಿ ತಿರುಗುತ್ತಿರುವಾಗಲೇ ಮುಳ್ಳು ಬಿಡಲು ಹೋಗಿ ಎರಡು ಸಲ ಬೆನ್ನಿಗೆ ಗುದ್ದು ತಿಂದಿದ್ದಳು. ಆಮೇಲೆ ಪ್ಲೇಟು ಹಾಕುವ ಕೆಲಸ ನನಗೇ ಬಂತು.

ಪಂದ್ಯಕ್ಕೆ ಹುಣಸೆ ಬೀಜ ಕಟ್ಟುತ್ತಿದ್ದೆವು. ನಾನು ಒಮ್ಮೆ ಕುದುರೆ, ಒಮ್ಮೆ ಮೊಲ. ಅಕ್ಕ ಯಾವಾಗಲೂ ಕತ್ತೆ. ಕತ್ತೆ ಗೆದ್ದರೆ ಡಬ್ಬಿಯಲ್ಲಿರುವ ಬೀಜವೆಲ್ಲ ಅವಳದು ಎಂದು ಅವಳೇ ನಿಯಮ ಮಾಡಿದ್ದಳು, ನಾನು ಧಾರಾಳವಾಗಿ ಒಪ್ಪಿದ್ದೆ. ಕತ್ತೆ ಒಂದು ಸಲವೂ ಗೆಲ್ಲಲಿಲ್ಲ. ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು, ಅನೌನ್ಸರ್ ಅದನ್ನು ಮರೆತೇಬಿಡುತ್ತಿದ್ದ. ಅಕ್ಕ ಒಳಗೆ ಹೋಗಿ ಅಮ್ಮನ ಮಡಕೆಯಿಂದ ಇನ್ನೊಂದು ಹಿಡಿ ಬೀಜ ತಂದು ಮತ್ತೆ ಕತ್ತೆಗೇ ಕಟ್ಟುತ್ತಿದ್ದಳು.

ಒಂದು ದಿನ ಸ್ಕೂಲಿನಿಂದ ಬಂದಾಗ ಅವಳು ಬಾಗಿಲಲ್ಲೇ ಹಿಡಿದುಕೊಂಡಳು. ಅಮ್ಮ ಸೊಪ್ಪಿಗೆ ಹೋಗಿದ್ದಳು, ಹುಳು ಜ್ವರದಲ್ಲಿತ್ತು, ಅಂಥ ಹೊತ್ತಿನಲ್ಲಿ ಅವಳು ಕದ್ದು ಪ್ಲೇಟು ಹಾಕಿದ್ದಳಂತೆ. ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. 'ಕತ್ತೆ ಗೆಲ್ತು ಕಣೋ.'

ನಾನು ನಂಬಲಿಲ್ಲ. ಹೇಗೆ ಗೆಲ್ತು ಎಂದು ಕೇಳಿದೆ. ಕುದುರೆ, ಮೊಲ ಎರಡೂ ಕೊನೆಯಲ್ಲಿ ನಾನು ಮುಂದೆ ತಾನು ಮುಂದೆ ಎಂದು ಜಗಳಕ್ಕೆ ನಿಂತವಂತೆ. ಕತ್ತೆ ಅವುಗಳ ಮಧ್ಯೆ ನಡೆದುಕೊಂಡು ಹೋಯಿತಂತೆ. ಅನೌನ್ಸರ್ ಮಾತು ಹೊರಡದೆ ಕೆಮ್ಮಿದನಂತೆ. ಕೆಮ್ಮಿ, ನೀರು ಕೇಳಿದನಂತೆ.

'ಪ್ಲೇಟಲ್ಲಿ ಯಾರಾದ್ರೂ ಕೆಮ್ತಾರೇನೇ?' ಎಂದು ನಾನು ನಕ್ಕೆ. ತೋರಿಸು ಎಂದೆ. ಹುಳು ಜ್ವರ ಬಿಟ್ಟು, ಗೂಡಾಗಿ, ಗೂಡು ಮಾರಿ ಆಗುವವರೆಗೆ ಕಾದೆವು. ಆ ನಾಲ್ಕು ದಿನದಲ್ಲಿ ನಾನು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಬೊಟ್ಟು ನನ್ನ ಕಡೆ, ಮೊದಲು ಮುಳ್ಳು, ಆಮೇಲೆ ಸ್ವಿಚ್ಚು. ಕುದುರೆ. ಕುದುರೆ. ಮೊಲ. ಕುದುರೆ. ಕತ್ತೆ ಬರಲಿಲ್ಲ. ಅಕ್ಕ ನನ್ನ ಮುಖ ನೋಡುತ್ತಿದ್ದಳು. ಸುಳ್ಳಿ ಎಂದೆ. ಅವಳು ಅಳಲಿಲ್ಲ, ಎದ್ದು ಹೋದಳು.

ಆ ಮಾತು ನಮ್ಮ ಮಧ್ಯೆ ಅಲ್ಲಿಗೆ ಮುಗಿಯಲಿಲ್ಲ. ಅಕ್ಕನ ಮದುವೆಯಾಯಿತು, ಎರಡೇ ವರ್ಷಕ್ಕೆ ಭಾವ ಹೋದರು, ಅವಳು ನಮ್ಮ ಮನೆಗೇ ಬಂದು ಉಳಿದಳು. ಅಮ್ಮನ ಕಾಲದ ನಂತರ ಹುಳು ಮನೆ ಅವಳ ಕೈಗೇ ಬಂತು. ಅವಳು ಏನನ್ನೇ ಆರಿಸಲಿ, ಸೊರಗಿದ್ದನ್ನೇ ಆರಿಸುತ್ತಿದ್ದಳು. ಸಣ್ಣಗಾದ ಹುಳುವಿನ ತಟ್ಟೆಯನ್ನು ಎಸೆಯಲು ಹೋದರೆ, ಬಿಡು, ಅದನ್ನ ನಾನು ನೋಡ್ಕೊಳ್ತೀನಿ ಎನ್ನುತ್ತಿದ್ದಳು. 'ನಿನ್ನ ಕತ್ತೆ' ಎಂದು ನಾನು ರೇಗಿಸುತ್ತಿದ್ದೆ. ಎಷ್ಟೋ ಸಲ ಆ ತಟ್ಟೆಯಿಂದ ಒಳ್ಳೆಯ ಗೂಡೇ ಬರುತ್ತಿತ್ತು. 'ಕತ್ತೆ ಗೆದ್ದಿತ್ತು ಅಂತ ಹೇಳ್ಲಿಲ್ವಾ?' ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಸುಣ್ಣದ ವಿಷಯ ಇನ್ನೂ ಹೇಳಲಿಲ್ಲ. ನಾನು ಮೀಸೆ ಬಂದ ಹುಡುಗ, ಹತ್ತನೆಯ ತರಗತಿ ಮುಗಿಸಿ ಮನೆಯ ಬೇಸಾಯಕ್ಕೆ ನಿಂತಿದ್ದೆ. ಒಂದು ಬೆಳೆಗೆ ಸುಣ್ಣಕಟ್ಟು ರೋಗ ಬಿತ್ತು. ಹುಳು ಸತ್ತು, ಗಟ್ಟಿಯಾಗಿ, ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಾಗುತ್ತದೆ. ಇಡೀ ಮನೆಯನ್ನು ತೊಳೆಯಬೇಕು, ಒಂದು ಮೂಲೆಯನ್ನೂ ಬಿಡಬಾರದು ಎಂದು ರೇಷ್ಮೆ ಇಲಾಖೆಯಿಂದ ಬಂದವರು ಹೇಳಿಹೋದರು. ಅಕ್ಕ ಆ ಮೂರು ದಿನ ಚಿಂತಾಮಣಿಯಲ್ಲಿ ಮಾವನ ಆರೈಕೆಗೆ ಹೋಗಿದ್ದಳು. ನಾನು ಬ್ಲೀಚಿಂಗ್ ಪೌಡರು, ಸುಣ್ಣ ಕಲಸಿ ಗೋಡೆ, ಜಂತೆ, ತಟ್ಟೆ, ಅಟ್ಟ ಎಲ್ಲಕ್ಕೂ ಪಂಪಿನಲ್ಲಿ ಹೊಡೆದೆ. ಟ್ರಂಕಿನ ಮುಚ್ಚಳ ತೆರೆದೇ ಇತ್ತು. ಒಳಗೆ ನಮ್ಮ ಪ್ಲೇಟುಗಳಿವೆ ಎಂದು ನನಗೆ ಗೊತ್ತಿತ್ತು. ರೋಗದ ಮನೆಯಲ್ಲಿ ಇದ್ದ ಸಾಮಾನು, ಅದೂ ತೊಳೆಯಬೇಕು ಎಂದುಕೊಂಡು ಅದರೊಳಕ್ಕೂ ಬಿಟ್ಟೆ. ನಮ್ಮಂಥ ಹುಳು ಸಾಕುವವರು ಮಾತ್ರ ಮಾಡುವ ಕೆಲಸ ಅದು. ಸುಣ್ಣ ಬಿದ್ದರೆ ಎಲ್ಲವೂ ಶುದ್ಧವಾಗುತ್ತದೆ ಎಂದು ನಾವು ನಂಬುತ್ತೇವೆ.

ಅಕ್ಕ ಬಂದು ನೋಡಿದಳು. ಮುಚ್ಚಳ ಮುಚ್ಚಿದಳು. 'ಹೋಗ್ಲಿ ಬಿಡು, ಹುಳ ಉಳೀಬೇಕಲ್ಲ' ಎಂದಳು. ಮತ್ತೆ ಆ ಟ್ರಂಕನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದೆವು. ಕೊನೆಯ ವಾರ. ನಾನು ಎಳನೀರು ಕುಡಿಸುತ್ತಿದ್ದೆ. ಅವಳು ಒಂದು ಗುಟುಕು ಕುಡಿದು, ನನ್ನನ್ನೇ ನೋಡಿ, 'ಕತ್ತೆ ಗೆದ್ದಿತ್ತು ಕಣಪ್ಪ. ನಾನ್ಯಾಕೆ ಸುಳ್ಳು ಹೇಳ್ಲಿ?' ಎಂದಳು. 'ಆಯ್ತು ಬಿಡಕ್ಕ' ಎಂದೆ. ರೋಗಿಗಳಿಗೆ ಹೇಳುವ ದನಿಯಲ್ಲಿ ಹೇಳಿದೆ. ಅವಳಿಗೆ ಆ ದನಿ ಗೊತ್ತಾಯಿತು. ಮುಖ ಗೋಡೆಯ ಕಡೆಗೆ ತಿರುಗಿಸಿದಳು. ನಾಲ್ಕು ದಿನಕ್ಕೆ ಹೋದಳು.

ಏಳು ತಿಂಗಳು ನನ್ನನ್ನು ತಿಂದದ್ದು ಅದೊಂದೇ. ಅವಳಿಗೆ ಔಷಧಿ ಕೊಡಿಸಿದೆ, ಹತ್ತಿರ ಕೂತೆ, ಎಲ್ಲ ಮಾಡಿದೆ. ಅವಳು ಕೇಳಿದ್ದು ಒಂದು, ನಂಬು ಎಂದು. ಅದನ್ನು ಕೊಡಲಿಲ್ಲ.

ಟ್ರಂಕನ್ನು ಇಳಿಸಿ ಅಂಗಳಕ್ಕೆ ತಂದೆ. ಮೇಲಿದ್ದವು ಮಾವ ಹಾಸಿಗೆ ಹಿಡಿಯುವ ಮೊದಲು ಕೊಟ್ಟಿದ್ದ ದೊಡ್ಡ ಕರಿ ಪ್ಲೇಟುಗಳು, ಅರಗಿನವು. ಮದುವೆಗಳಲ್ಲಿ ಮೆರೆದವು. ಮುಟ್ಟಿದರೆ ಬೂದಿಯ ಹಾಗೆ ಮೈ ಉದುರಿತು. ಸುಣ್ಣಕ್ಕೂ ಅರಗಿಗೂ ಆಗಿಬರುವುದಿಲ್ಲವಂತೆ, ಆಮೇಲೆ ತಿಳಿಯಿತು. ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟೆ. ತಳದಲ್ಲಿ ಯಾರಿಗೂ ಬೇಡವಾಗಿದ್ದ ಚಿಕ್ಕ ಪ್ಲಾಸ್ಟಿಕ್ ಪ್ಲೇಟುಗಳಿದ್ದವು. ಅವೂ ಬೆಳ್ಳಗಿದ್ದವು. ಹುಣಸೆಹಣ್ಣು ನೆನೆಹಾಕಿ, ಆ ರಸದಲ್ಲಿ ಮೆತ್ತಗಿನ ಬಟ್ಟೆಯಿಂದ ಉಜ್ಜಿದೆ.

ನನ್ನ ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿದಳು. 'ಮನೆಯ ಹಿತ್ತಾಳೆ ಸಾಮಾನು ಒಂದು ದಿನ ಹೀಗೆ ತೊಳೆದುಕೊಟ್ಟಿದ್ದಿದ್ರೆ ನನ್ನ ಜನ್ಮ ಸಾರ್ಥಕ ಆಗ್ತಿತ್ತು' ಎಂದಳು. ಮರುಕ್ಷಣ ಅವಳೇ ಬಂದು ಪಕ್ಕದಲ್ಲಿ ಕೂತಳು. ಅವಳ ಕೈಯಲ್ಲಿದ್ದ ಪ್ಲೇಟಿನಿಂದ ಸುಣ್ಣ ಹೊಪ್ಪಳೆಯಾಗಿ ಎದ್ದು ಬಂತು. ಅಡಿಯಲ್ಲಿ ಕೆಂಪು. ಬಿಸಿಲಿಗೆ ಹಿಡಿದಳು. ಅವಳ ಮುಖವೆಲ್ಲ ಕೆಂಪಾಯಿತು.

ನಡುವಿನ ಕಾಗದ ಅರ್ಧ ಕಿತ್ತುಹೋಗಿತ್ತು. ಕುಂಕುಮ ಹೋಗಿತ್ತು, ಎಣ್ಣೆಯ ಕಲೆ ಮಾತ್ರ ಬೊಟ್ಟಿನಷ್ಟಗಲ ಉಳಿದಿತ್ತು.

ಪ್ಲೇಯರ್ ಬಟ್ಟೆಯ ಗಂಟಿನಲ್ಲಿ ಸುಣ್ಣದಿಂದ ತಪ್ಪಿಸಿಕೊಂಡಿತ್ತು. ಆದರೆ ಸತ್ತಿತ್ತು. ಶಿಡ್ಲಘಟ್ಟದಲ್ಲಿ ಕೇಳಿದೆ, ಚಿಕ್ಕಬಳ್ಳಾಪುರದಲ್ಲಿ ಕೇಳಿದೆ. ಎಲ್ಲ ಮೊಬೈಲ್ ಅಂಗಡಿಗಳು. ಒಬ್ಬ ಅದನ್ನು ತಿರುಗಿಸಿ ನೋಡಿ, ಇದಕ್ಕೆ ಚಾರ್ಜರ್ ಪಿನ್ ಎಲ್ಲಿದೆ ಅಂಕಲ್ ಎಂದ. ಕೊನೆಗೆ ಯಾರೋ ಗೌರಿಬಿದನೂರಿನ ಒಬ್ಬ ರಿಪೇರಿಯವರ ದಾರಿ ತೋರಿಸಿದರು. ಅಲೀಪುರದವರು. ನನ್ನದೇ ವಯಸ್ಸು. ಮೊದಲು ಊರಿನಲ್ಲಿ ಹರಳು ಸಾಣೆ ಹಿಡಿಯುತ್ತಿದ್ದವರು, ಕೈ ನಡುಗಲು ಶುರುವಾದ ಮೇಲೆ ರೇಡಿಯೋ ರಿಪೇರಿಗೆ ಬಂದೆ ಎಂದರು. ನಡುಗುವ ಕೈಯಲ್ಲಿ ರಿಪೇರಿ ಹೇಗೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು, ಹರಳು ತಪ್ಪಿದರೆ ಹೋಯಿತು, ರೇಡಿಯೋ ತಪ್ಪಿದರೆ ಬೈದುಕೊಂಡಾದರೂ ಹಾಡುತ್ತದೆ.

ಒಂದು ವಾರ ಇಟ್ಟುಕೊಂಡರು. ಮೋಟಾರು ತೊಳೆದು, ಕರಗಿ ಅಂಟಾಗಿದ್ದ ರಬ್ಬರಿನ ಬೆಲ್ಟು ಬದಲಿಸಿ, ತಮ್ಮ ತಂದೆಯ ಕಾಲದ ಡಬ್ಬಿಯಿಂದ ಒಂದು ಮುಳ್ಳು ಹುಡುಕಿ ಹಾಕಿದ್ದರು. ಇದೊಂದೇ ಇರೋದು, ಸುಣ್ಣದ ಪ್ಲೇಟು, ಮುಳ್ಳು ಬೇಗ ಸವೆಯುತ್ತದೆ ಎಂದು ಎಚ್ಚರಿಸಿದರು.

ಪ್ಲೇಟನ್ನು ನಾನೇ ಹಾಕುತ್ತೇನೆ ಎಂದೆ. ಕೈ ಮರೆತಿರಲಿಲ್ಲ. ಎಣ್ಣೆಯ ಕಲೆ ನನ್ನ ಕಡೆ, ಮೊದಲು ಮುಳ್ಳು, ಆಮೇಲೆ ಸ್ವಿಚ್ಚು. ಕರಕರ ಎಂದಿತು. ಆಮೇಲೆ ಆ ಅನೌನ್ಸರ್ ಏದುಸಿರು ಬಿಟ್ಟ. ಐವತ್ತು ವರ್ಷದಿಂದ ಅಲ್ಲೇ ನಿಂತು ಕಾಯುತ್ತಿದ್ದವನ ಹಾಗೆ. ಚಿಪ್ಪು, ಗೆಜ್ಜೆ, ತಮಟೆ ಎಲ್ಲ ಇದ್ದವು. ಕುದುರೆ ಗೆದ್ದಿತು. ಮತ್ತೆ ಹಾಕಿದೆ. ಮೊಲ ಗೆದ್ದಿತು.

ರಿಪೇರಿಯವರು ಹುಬ್ಬೇರಿಸಿದರು. ನಾನು ಅವರಿಗೆ ಅಕ್ಕನ ಕತ್ತೆಯ ವಿಷಯ ಹೇಳಿದೆ. ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಅವರು ನಗಲಿಲ್ಲ. ಡ್ರಾಯರ್‌ನಿಂದ ಹರಳು ನೋಡುವ ಕಣ್ಣುಗಾಜು ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಪ್ಲೇಟಿನ ಅಂಚನ್ನು ಸುತ್ತಲೂ ನೋಡಿದರು. ಬಹಳ ಹೊತ್ತು ನೋಡಿದರು.

'ಸಾರ್, ಮಾಮೂಲಿ ಪ್ಲೇಟಿಗೆ ಗೆರೆ ಒಂದೇ ಇರ್ತದೆ. ಹೊರಗಿಂದ ಒಳಗಡೆ ತನಕ ಒಂದೇ ದಾರಿ. ಇದ್ರಲ್ಲಿ ಹಂಗಲ್ಲ. ಜಡೆ ಹಾಕಿದಂಗೆ ಗೆರೆ ಪಕ್ಕ ಗೆರೆ ಹೋಗಿದೆ. ಮುಳ್ಳು ಯಾವುದ್ರಲ್ಲಿ ಬೀಳ್ತದೋ ಆ ಕತೆ.'

'ಎರಡಾ ಭಾಯ್?'

ಅವರು ಇನ್ನೊಂದು ಸುತ್ತು ನೋಡಿದರು. 'ಮೂರು.'

ಆ ಮೂರನೆಯದರಲ್ಲಿ ಏನಿದೆ ಎಂದು ಗಾಜಿನಲ್ಲಿ ಕಾಣುವುದಿಲ್ಲವಲ್ಲ. ಅಲ್ಲಿಯೂ ಕುದುರೆಯೇ ಇರಬಹುದು, ಇನ್ಯಾವುದೋ ರೀತಿಯಲ್ಲಿ ಗೆಲ್ಲುತ್ತಿರಬಹುದು. ಅವರು ಮುಳ್ಳಿಗೆ ಕೈ ಹಾಕಿದರು, ಹಾಕಿ ನೋಡೋಣ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಬೇಡ ಎಂದೆ. ಅದು ಇದ್ದರೂ ಇಲ್ಲದಿದ್ದರೂ ಅಕ್ಕನ ಮುಂದೆಯೇ ತಿಳಿಯಲಿ ಎನ್ನಿಸಿತು. ಮಹಾಲಯ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇತ್ತು.

ಅವತ್ತು ನಮ್ಮ ಮನೆಯಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟದ್ದನ್ನೆಲ್ಲ ಮಾಡಿ, ಪಟದ ಮುಂದೆ ಬಾಳೆ ಎಲೆಯಲ್ಲಿ ಬಡಿಸಿ, ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಬಂದು ಉಣ್ಣುವ ಹೊತ್ತು ಅದು. ಸ್ವಲ್ಪ ಹೊತ್ತಾದ ಮೇಲೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಅಕ್ಕನಿಗೆ ಮುದ್ದೆ, ನಾಟಿಕೋಳಿ ಸಾರು, ಅವರೆಕಾಳಿನ ವಡೆ, ಎಲೆ ಅಡಿಕೆ, ಒಂದು ಸೀರೆ, ಅವಳ ಕನ್ನಡಕ. ಅದರ ಪಕ್ಕ ನಾನು ಪ್ಲೇಯರ್ ಇಟ್ಟೆ.

ಚಿಕ್ಕಪ್ಪ ಬೆಂಚಿನ ಮೇಲೆ ಕೋಲೂರಿಕೊಂಡು ಕೂತಿದ್ದರು. ನಮ್ಮ ಅಪ್ಪನ ತಮ್ಮ, ಮನೆಗೆಲ್ಲ ಹಿರಿಯರು, ಎಂಬತ್ತು ದಾಟಿದರೂ ಬಾಯಿ ಕಮ್ಮಿಯಾಗಿಲ್ಲ. 'ಏನಯ್ಯಾ, ಅವರವರ ಮನೆ ಎಡೆಗೆ ಬೀಡಿ ಬ್ರಾಂದಿ ಇಡ್ತಾರೆ. ನೀನು ಕತ್ತೆ ರೇಸ್ ಇಡ್ತಿದ್ದೀಯ' ಎಂದರು. ಸೊಸೆಯಂದಿರು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಬೇಜಾರಾಗಲಿಲ್ಲ. ವಿಷಯ ಏನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಹೆಂಡತಿ ವಾರದಿಂದ ಬೀದಿಗೆಲ್ಲ ಹೇಳಿದ್ದಳು. ಅಕ್ಕ ನಿಜ ಹೇಳಿದ್ದಳೋ ಇಲ್ಲವೋ, ಅವತ್ತು ತೀರ್ಮಾನ.

ಬೊಟ್ಟಿನ ಕಲೆ ನನ್ನ ಕಡೆ. ಮೊದಲು ಮುಳ್ಳು. ಸ್ವಿಚ್ಚು ಒತ್ತಿ ಆಚೆ ಬಂದೆ. ಬಾಗಿಲು ಎಳೆದೆವು. ಹತ್ತು ಹನ್ನೆರಡು ಜನ ಪಡಸಾಲೆಯಲ್ಲಿ ಬಾಗಿಲಿಗೆ ಕಿವಿಕೊಟ್ಟು ನಿಂತೆವು. ಒಳಗೆ ಅಕ್ಕ, ಊಟದ ಎಲೆ, ಓಟ. ಕುದುರೆ ಗೆದ್ದಿತು.

ಬಾಗಿಲು ತಟ್ಟಿ ಒಳಗೆ ಹೋದೆ. ಇನ್ನೊಂದು ಸಲ ಎಂದೆ. ಮತ್ತೆ ಬಾಗಿಲು ಎಳೆದೆವು. ಮೊಲ. ಮೂರನೆಯ ಸಲ ಕುದುರೆ. ಈ ಸಲ ಚಿಪ್ಪಿನ ಸದ್ದು ಒಡೆದು ಬರುತ್ತಿತ್ತು. ಮುಳ್ಳು ಸವೆಯುತ್ತಿದೆ ಎಂದು ನನಗೆ ಗೊತ್ತಾಯಿತು. ಸಾರು ಆರುತ್ತಿತ್ತು. ಚಿಕ್ಕಪ್ಪ, 'ಅವಳಿಗೆ ಎಷ್ಟು ಸಲ ಬಾಗಿಲು ಹಾಕಿ ತೆಗೀತೀಯೋ, ನೆಮ್ಮದಿಯಾಗಿ ಉಣ್ಣಕ್ಕೆ ಬಿಡು' ಎಂದರು.

ನಾನು ಒಳಗೆ ಹೋಗಿ ಪಟದ ಮುಂದೆ ನಿಂತೆ. ಆ ಪಟದಲ್ಲಿ ಅಕ್ಕ ಅವಸರದಲ್ಲಿದ್ದಾಳೆ. ಫೋಟೋದವನು ಸರಿಯಾಗಿ ಕೂತ್ಕೊಳ್ಳಿ ಎನ್ನುವುದರೊಳಗೆ ಅವಳಿಗೆ ಏಳಬೇಕಿತ್ತು, ಸೊಪ್ಪು ಹಾಕುವ ಹೊತ್ತಾಗಿತ್ತು. ಅದನ್ನು ನೋಡುತ್ತಾ ನಿಂತಾಗ ಅವಳ ಬೆನ್ನಿಗೆ ಬಿದ್ದ ಗುದ್ದು ನೆನಪಾಯಿತು. ಕದ್ದು ಹಾಕಿದ ದಿನ ಅವಳು ಬೊಟ್ಟು ನೋಡಿ, ಮುಳ್ಳು ಇಟ್ಟು, ಆಮೇಲೆ ಸ್ವಿಚ್ಚು ಒತ್ತಿದ್ದಾಳೆಯೇ? ಅಮ್ಮ ಯಾವ ಗಳಿಗೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಬರುತ್ತಾಳೋ ಗೊತ್ತಿಲ್ಲ. ಖಂಡಿತ ಇಲ್ಲ. ಅವಳು ತಿರುಗುತ್ತಿರುವ ಪ್ಲೇಟಿನ ಮೇಲೇ ಬಿಟ್ಟಿರಬೇಕು. ನಾನು ಕ್ರಮ ತಪ್ಪದೆ ಪ್ರತಿ ಸಲ ಒಂದೇ ಜಾಗದಲ್ಲಿ ಮುಳ್ಳು ಇಟ್ಟು, ಆ ಮೂರು ಗೆರೆಗಳಲ್ಲಿ ಎರಡರ ಬಾಗಿಲನ್ನೇ ತಟ್ಟುತ್ತಿದ್ದೆ. ಮೂರನೆಯ ಬಾಗಿಲಿಗೆ ಕ್ರಮ ತಪ್ಪಿದವರೇ ಹೋಗಬೇಕು.

ಮೊದಲು ಸ್ವಿಚ್ಚು ಒತ್ತಿದೆ. ಕೆಂಪು ಪ್ಲೇಟು ಗರಗರ ತಿರುಗಿತು. ಮಾವ ಸತ್ತು ಎಷ್ಟು ವರ್ಷವಾದರೂ ನನ್ನ ಕಿವಿ ಒಂದು ಕ್ಷಣ ಉರಿಯಿತು. ಮುಳ್ಳನ್ನು ಎತ್ತಿ, ಕಲೆ ಎಲ್ಲಿದೆ ಎಂದು ನೋಡದೆ, ಬಿಟ್ಟೆ. ಆಚೆ ಬಂದು ಬಾಗಿಲು ಎಳೆದೆ.

ಶುರು ಎಲ್ಲ ಒಂದೇ. ಚಿಪ್ಪು, ಗೆಜ್ಜೆ, ತಮಟೆ. ಅರ್ಧ ದಾರಿ. ಕತ್ತೆ ನಿಲ್ಲುವ ಜಾಗ ಬಂತು. ತಮಟೆ ನಿಲ್ಲಲಿಲ್ಲ. ಅದೇ ನಿಧಾನ, ಒಂದೇ ಸಮ. ನನ್ನ ಹೆಂಡತಿ ನನ್ನ ತೋಳು ಹಿಡಿದಳು. ಕೊನೆಯ ತಿರುವಿನಲ್ಲಿ ಕುದುರೆ, ಮೊಲ ಎರಡೂ ನಿಂತು ನಾನು ಮುಂದೆ ತಾನು ಮುಂದೆ ಎಂದು ಜಗಳವಾಡತೊಡಗಿದವು. ತಮಟೆ ಹತ್ತಿರ ಬಂತು, ಹತ್ತಿರ ಬಂತು, ದಾಟಿತು. ಅನೌನ್ಸರ್ ಏನೋ ಹೇಳಲು ಹೋಗಿ ನಿಂತ. ಆಮೇಲೆ ಕೆಮ್ಮಿದ. ಬಾಗಿಲ ಹಿಂದಿನಿಂದ ಅಷ್ಟು ಸ್ಪಷ್ಟವಾಗಿ ಕೆಮ್ಮಿದ. ಯಾರಪ್ಪಾ ಅಲ್ಲಿ, ಸ್ವಲ್ಪ ನೀರು ಕೊಡಿ ಎಂದ. ಮುಂದಿನ ಗಳಿಗೆ ನಮ್ಮ ನಡುಮನೆಯೆಲ್ಲ ಕತ್ತೆ ಅರಚಿತು.

ಪಡಸಾಲೆಯಲ್ಲಿದ್ದವರೂ ಅರಚಿದರು. ಸೊಸೆಯಂದಿರು ಚಪ್ಪಾಳೆ ಹೊಡೆದರು. ಎಡೆಯ ದಿನ ಯಾರೂ ಹಾಗೆ ಮಾಡುವುದಿಲ್ಲ, ಅವತ್ತು ಯಾರಿಗೂ ಅದು ನೆನಪಾಗಲಿಲ್ಲ. ಪಕ್ಕದ ಮನೆಯವರು ಏನಾಯಿತು ಎಂದು ಓಡಿ ಬಂದರು, ಅವರಿಗೆ ಯಾರೋ 'ಕತ್ತೆ ಗೆಲ್ತು' ಎಂದರು, ಅವರೂ ನಗತೊಡಗಿದರು. ಚಿಕ್ಕಪ್ಪ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದಿತ್ತು. 'ಆ ಹೆಣ್ಣು ಹೇಳಿದ್ರೆ ಹೇಳಿದ್ದೇ ಕಣಯ್ಯಾ. ನೀನೇ ದಡ್ಡ' ಎಂದರು. ನಾನು ಹೌದು ಎಂದೆ. ಅಷ್ಟು ಸಂತೋಷದಿಂದ ನಾನು ದಡ್ಡ ಎಂದು ಯಾವತ್ತೂ ಒಪ್ಪಿಕೊಂಡಿರಲಿಲ್ಲ.

ಮೂರು ಸಲ ಬಾಗಿಲು ತಟ್ಟಿದೆ. ಒಳಗೆ ಮುಳ್ಳು ಕೊನೆಯ ಸುತ್ತಿನಲ್ಲಿ ಕಟ್ ಕಟ್ ಎನ್ನುತ್ತಾ ತಿರುಗುತ್ತಿತ್ತು. ಅದನ್ನು ಎತ್ತಿ ಇಟ್ಟೆ. ಹೆಂಡತಿಗೆ ಹೇಳುವ ಮೊದಲೇ ಅವಳು ಅಡುಗೆಮನೆಯಿಂದ ಹುಣಸೆ ಬೀಜದ ಡಬ್ಬಿ ತಂದಳು. ಪ್ಲೇಟು ತೊಳೆದ ದಿನ ರಸ ಹಿಂಡಿ ಉಳಿದ ಬೀಜವನ್ನೂ ಅವಳು ಅದಕ್ಕೇ ಹಾಕಿ ಇಟ್ಟಿದ್ದಳು. ಡಬ್ಬಿಯನ್ನು ಹಾಗೇ ಎಲೆಯ ಪಕ್ಕ ಬೋರಲು ಹಾಕಿದೆ. ಬೀಜಗಳು ಉರುಳಿ ಮುದ್ದೆಯ ತನಕ, ಕನ್ನಡಕದ ತನಕ ಹೋದವು. ಒಂದನ್ನೂ ನಾನು ಇಟ್ಟುಕೊಳ್ಳಲಿಲ್ಲ.

'ಗೆದ್ದಿತ್ತು ಕಣಕ್ಕ' ಎಂದೆ. ಎಲ್ಲರಿಗೂ ಕೇಳುವ ಹಾಗೆ, ನನ್ನ ಸ್ವಂತ ದನಿಯಲ್ಲಿ.

ಹಿಂದಿನಿಂದ ಚಿಕ್ಕಪ್ಪ, ಮುಳ್ಳು ಸವೆದರೆ ಸವೆಯಲಿ, ಇನ್ನೊಂದು ಸಲ ಹಾಕು ಎಂದರು. ಅವರು ಕತ್ತೆಯ ಮೇಲೆ ಕಟ್ಟುತ್ತಾರಂತೆ.